ಚಾಳೀಸಿನ ಗಾಡಿಯಲ್ಲಿ ಇನ್ನೊಬ್ಬಾಕೆ

ಜಮಖಂಡಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅಲಕಾಬಾಯಿ ಇದ್ದರು. ನಾನು ಅವರನ್ನು ಬಲ್ಲ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು. ಎತ್ತರದ, ತೆಳ್ಳನೆಯ ಮೈ, ದಪ್ಪ ಗಾಜಿನ ಚಾಳೀಸು, ಓಣಿಯ ಆ ತುದಿಗೂ ಕೇಳುವ ದನಿ. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅಂತಲೇ ಹೆಸರು. ಬೇರೆಯವರು ನಾನೀಗ ಹೇಳಹೊರಟಂಥ ಸಂಗತಿ ಹೇಳುವಾಗ ದನಿ ತಗ್ಗಿಸುತ್ತಾರೆ. ಅಲಕಾಬಾಯಿ ತಗ್ಗಿಸುತ್ತಿರಲಿಲ್ಲ. ಅಕ್ಕಿ ಆರಿಸುತ್ತ, ನಡುನಡುವೆ ಹರಳು ಎತ್ತಿ ಅಂಗಳಕ್ಕೆ ಬೀಸಾಡುತ್ತ, ನಿನ್ನೆ ಸಂತೆಯಲ್ಲಿ ಕಂಡದ್ದನ್ನು ಹೇಳುವ ಹಾಗೆ ಹೇಳುತ್ತಿದ್ದರು. ದೆವ್ವ ಎಂಬ ಶಬ್ದವನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. "ಆಕಿ" ಅನ್ನುತ್ತಿದ್ದರು, ಅಷ್ಟೇ.

ಅವರು ಮುಧೋಳದ ಪುರೋಹಿತರ ಮನೆಯ ಮಗಳು. ಮನೆಯಲ್ಲಿ ಮರಾಠಿ, ಅಂಗಳಕ್ಕೆ ಇಳಿದರೆ ಕನ್ನಡ. ಹುಟ್ಟಿನಿಂದಲೇ ಅವರಿಗೆ ದೂರದ ದೃಷ್ಟಿ ಇರಲಿಲ್ಲ. ಕೈಯಳತೆಯಿಂದ ಆಚೆಗೆ ಎಲ್ಲವೂ ನೀರಲ್ಲಿ ಅದ್ದಿದ ಬಣ್ಣ. ಜಗತ್ತು ಎಲ್ಲರಿಗೂ ಹೀಗೇ ಕಾಣುತ್ತದೆ ಎಂದು ಬಹಳ ವರ್ಷ ನಂಬಿದ್ದರಂತೆ. ಮದುವೆಯಾದದ್ದು ಮಾತ್ರ ಚಾಳೀಸು ಮಾಡುವವನನ್ನು. ಗಂಡ ಸದಾಶಿವರಾಯರು ಪುಣೆಯ ಒಂದು ಅಂಗಡಿಯಲ್ಲಿ ಗಾಜು ಅರೆಯುವುದು, ಕಣ್ಣಳತೆ ತೆಗೆಯುವುದು ಕಲಿತು ಬಂದು ಜಮಖಂಡಿಯ ಪೇಟೆಯಲ್ಲಿ ಕೂತಿದ್ದರು. ಹೆಂಡತಿಯ ಕಣ್ಣು ಮದುವೆಯಾದ ವಾರದಲ್ಲೇ ಅವರಿಗೆ ಗೊತ್ತಾಯಿತು. ಆದರೆ ಅತ್ತೆ ಬಿಡಲಿಲ್ಲ. ಮುತ್ತೈದೆ ಹೆಣ್ಣುಮಗಳು ಮೂಗಿನ ಮೇಲೆ ಗಾಜು ಏರಿಸಿಕೊಂಡು ಓಡಾಡಿದರೆ ಜನ ನಗುತ್ತಾರೆ ಅಂದರು. ಅಲಕಾಬಾಯಿಗೂ ನಾಚಿಕೆ. ಹಾಗೆಯೇ ದಿನ ನಡೆಯಿತು.

ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿ ಒಂದೆರಡು ವರ್ಷವಾಗಿತ್ತು. ಹಳ್ಳಿಗಳ ಜನ ಸಂತೆಯಲ್ಲಿ ಬುಟ್ಟಿಯಿಂದ ಯಾವುದೋ ಚಾಳೀಸು ಎತ್ತಿ, ಕಣ್ಣಿಗಿಟ್ಟು, ಸ್ವಲ್ಪ ಕಂಡರೆ ಸಾಕೆಂದು ಒಯ್ಯುವುದನ್ನು ಸದಾಶಿವರಾಯರು ನೋಡುತ್ತಿದ್ದರು. ಅಳತೆಯ ಸಾಮಾನು ಹೇರಿಕೊಂಡು ತಾನೇ ಹಳ್ಳಿಗೆ ಹೋಗಬೇಕೆಂದು ಅವರ ಆಸೆ. ಕಣ್ಣಳತೆಗೆ ಕತ್ತಲೆ ಕೋಣೆ ಬೇಕು, ಅದು ಹಳ್ಳಿಯಲ್ಲಿ ಎಲ್ಲಿ? ಆಗ ಕುಡಚಿ ಸ್ಟೇಷನ್ನಿನ ಹತ್ತಿರ ಒಬ್ಬ ಕಂತ್ರಾಟುದಾರನ ಅಂಗಳದಲ್ಲಿ ಒಂದು ಗಾಡಿ ನಿಂತದ್ದು ಕಣ್ಣಿಗೆ ಬಿತ್ತು. ಯುದ್ಧ ಮುಗಿದ ಮೇಲೆ ಬೆಳಗಾವಿಯ ಲಷ್ಕರದ ಹರಾಜಿನಲ್ಲಿ ಬಂದದ್ದು. ಮೋಟಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಪ್ಲೈವುಡ್ಡಿನ ಗೋಡೆ, ಎರಡು ಸಣ್ಣ ಕಿಟಕಿ, ಮಡಚುವ ಹಾಸಿಗೆ, ಕೆಳಗೆ ಎರಡು ಚಿಕ್ಕ ರಬ್ಬರ್ ಗಾಲಿ. ಟ್ರೇಲರ್ ಅನ್ನುತ್ತಾರೆ ಅಂತ ಕಂತ್ರಾಟುದಾರ ಹೇಳಿದ. ಸದಾಶಿವರಾಯರು ಅದನ್ನು ಕೊಂಡು, ಅಣ್ಣನ ಹಳೆಯ ಫೋರ್ಡ್ ಮೋಟಾರಿಗೆ ಕಟ್ಟಿ ಮನೆಗೆ ತಂದರು. ಓಣಿಗೆ ಓಣಿಯೇ ನೋಡಲು ಬಂತು.

ಒಳಗೆ ಜಾಗ ಕಡಿಮೆ. ಅಳತೆಯ ಪಟ್ಟಿಯನ್ನು ದೂರ ಇಟ್ಟು ಓದಿಸಬೇಕು, ಅಷ್ಟು ಉದ್ದ ಇಲ್ಲ. ಅದಕ್ಕೆ ಒಂದು ಉಪಾಯ ಪುಣೆಯಲ್ಲಿ ಕಲಿತಿದ್ದರು. ಪಟ್ಟಿಯನ್ನು ಕೂತವರ ಬೆನ್ನ ಹಿಂದಿನ ಗೋಡೆಗೆ ತೂಗುಹಾಕುವುದು, ಎದುರಿನ ಗೋಡೆಗೆ ದೊಡ್ಡ ಕನ್ನಡಿ ನಿಲ್ಲಿಸುವುದು. ಕೂತವರು ಕನ್ನಡಿಯಲ್ಲಿ ಪಟ್ಟಿ ನೋಡಿದರೆ ದೂರ ಇಮ್ಮಡಿಯಾಗುತ್ತದೆ. ಅಕ್ಷರ ಬಾರದವರಿಗಾಗಿ ಹಣಿಗೆಯ ಚಿತ್ರ ಬರೆದಿದ್ದರು. ಹಣಿಗೆಯ ಹಲ್ಲು ಯಾವ ಕಡೆ ಇದೆ ಎಂದು ಕೈಯಿಂದ ತೋರಿಸಿದರೆ ಆಯಿತು.

ಮೊದಲ ಸುತ್ತಿನಲ್ಲೇ ಎರಡು ತೊಡಕು ಬಂದವು. ಒಂದು, ಕತ್ತಲೆಯ ಡಬ್ಬಿಯೊಳಗೆ ಪರಗಂಡಸಿನ ಜೊತೆ ಹೋಗಲು ಯಾವ ಹೆಂಗಸೂ ಒಪ್ಪಲಿಲ್ಲ. ಅದಕ್ಕೆ ಅಲಕಾಬಾಯಿ ಜೊತೆಗೆ ಹೊರಟರು. ಪಟ್ಟಿಯ ಕೆಳಗೆ ಅವರು ಕೂತಿದ್ದರೆ ಹೆಂಗಸರು ಧೈರ್ಯವಾಗಿ ಒಳಗೆ ಬರುತ್ತಿದ್ದರು. ಇನ್ನೊಂದು ತೊಡಕು ಹಾದಿಯದು. ಮುಧೋಳದ ಸಡಕು ಬಿಟ್ಟು ಲೋಕಾಪುರದ ಆಚೆಗೆ ಎರೆಮಣ್ಣಿನ ಹಾದಿಗೆ ಇಳಿದದ್ದೇ ತಡ, ಟ್ರೇಲರ್ ಕೂತಿತು. ನಮ್ಮ ಹೊಲದ ಹಾದಿಗಳಲ್ಲಿ ಚಕ್ಕಡಿಯ ಗಾಲಿ ಕೊರೆದ ಎರಡು ಆಳದ ಜಾಡು ಇರುತ್ತವೆ, ನಡುವೆ ದಿಬ್ಬ. ಟ್ರೇಲರಿನ ಗಾಲಿಗಳ ನಡುವಿನ ಅಂತರ ಚಕ್ಕಡಿಯದಕ್ಕಿಂತ ಕಡಿಮೆ. ಒಂದು ಗಾಲಿ ಜಾಡಿನಲ್ಲಿ ಇಳಿದರೆ ಇನ್ನೊಂದು ದಿಬ್ಬದ ಮೇಲೆ ಏರಿ, ಗಾಡಿ ಒಂದೇ ಮಗ್ಗುಲಿಗೆ ವಾಲಿ, ಹೊಟ್ಟೆ ನೆಲಕ್ಕೆ ತಾಗಿ ನಿಲ್ಲುತ್ತಿತ್ತು. ಗಾಜಿನ ಸಾಮಾನೆಲ್ಲ ಕಣಕಣ ಅನ್ನುತ್ತಿತ್ತು. ಕಡೆಗೆ ಎತ್ತು ಕಟ್ಟಿ ಎಳೆಸಿಕೊಂಡು ಮುಧೋಳಕ್ಕೆ ತಂದರು.

ಮುಧೋಳದಲ್ಲಿ ಮುದಕಪ್ಪ ಬಡಿಗೇರ ಎಂಬವನ ಕಾರ್ಖಾನೆ ಇತ್ತು. ಕಾರ್ಖಾನೆ ಅಂದರೆ ಹುಣಸೆಮರದ ಕೆಳಗೆ ಒಂದು ತಗಡಿನ ಚಪ್ಪರ, ಅದರ ಮಗ್ಗುಲಿಗೆ ಕಮ್ಮಾರನ ಕುಲುಮೆ. ಅವನು ಟ್ರೇಲರಿನ ಸುತ್ತ ತಿರುಗಿ, ಗೋಡೆಗೆ ಬೆರಳಿಂದ ಬಡಿದು ನೋಡಿದ.

"ಮ್ಯಾಲಿಂದ ಏನೂ ತೊಂದ್ರಿ ಇಲ್ರಿ. ಕೆಳಗಿಂದೆಲ್ಲಾ ತಗದ ಒಗೀಬೇಕು," ಅಂದ.

ಆ ಚಳಿಗಾಲವೆಲ್ಲ ಕೆಲಸ ನಡೆಯಿತು. ರಬ್ಬರ್ ಗಾಲಿ ಕಿತ್ತು ಚಕ್ಕಡಿಯ ಅಚ್ಚು, ಚಕ್ಕಡಿಯ ದೊಡ್ಡ ಗಾಲಿ ಹಾಕಿದರು. ಅಚ್ಚಿನ ಮೇಲೆ ಬಸ್ಸಿನ ಹಳೆಯ ಕಮಾನು ಪಟ್ಟಿ ಕೂಡಿಸಿ, ಪೆಟ್ಟಿಗೆಯನ್ನು ಅದರ ಮೇಲೆ ಏರಿಸಿದರು. ಈಗ ಅದರ ಹೊಟ್ಟೆಯ ಕೆಳಗೆ ಒಂದು ಕುರಿ ನಡೆದು ಹೋಗಬಹುದಿತ್ತು. ಹೊಟ್ಟೆಗೆ ತಗಡು ಬಡಿದರು. ಮುಂದೆ ಎರಡು ಬಗೆಯ ಮೂಕಿ: ಸಡಕಿನ ಮೇಲೆ ಮೋಟಾರಿಗೆ ಸಿಕ್ಕಿಸುವ ಕಬ್ಬಿಣದ್ದು, ಹಾದಿ ಬಿಟ್ಟ ಮೇಲೆ ಎತ್ತು ಹೂಡಲು ಮರದ್ದು. ಇಳಿಜಾರಿನಲ್ಲಿ ಗಾಲಿ ತಡೆಯಲು ಹಗ್ಗದ ಬಿರಕಿ. ಕಿಟಕಿಗಳಿಗೆ ಗೋಣಿ ಬಡಿದು ಡಾಂಬರು ಬಳಿದರು. ಒಂದೇ ಊನ ಉಳಿಯಿತು. ಏರುಪೇರಿನ ನೆಲದಲ್ಲಿ ಪ್ಲೈವುಡ್ಡಿನ ಪೆಟ್ಟಿಗೆ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತಿತ್ತು. ಮುದಕಪ್ಪ ಮಡಚುವ ಹಾಸಿಗೆ ಕಿತ್ತು, ಹಿಂದಿನ ಗೋಡೆಗುಂಟ ಒಂದು ದಪ್ಪ ಹಲಗೆಯನ್ನು ಈ ಗೋಡೆಯಿಂದ ಆ ಗೋಡೆಗೆ ಬೋಲ್ಟು ಹಾಕಿ ಬಿಗಿದ. ಪೆಟ್ಟಿಗೆ ಗಟ್ಟಿಯಾಯಿತು. ಕೂಡಲಿಕ್ಕೂ ಆಯಿತು. ಅಲಕಾಬಾಯಿಯ ಜಾಗ ಅದೇ.

ಗಾಡಿ ಹೊರಟಿತು. ಅಲಕಾಬಾಯಿ ಹೇಳುವಂತೆ, ಅಷ್ಟು ಸುಖವಾಗಿ ಅವರು ತಮ್ಮ ಆಯುಷ್ಯದಲ್ಲಿ ತಿರುಗಿದ್ದಿಲ್ಲ. ಎರೆಮಣ್ಣಿನ ಬಿರುಕು, ಹಳ್ಳದ ಉಸುಕು, ಕಲ್ಲಿನ ಏರು, ಎಲ್ಲಿಯೂ ಅದು ನಿಲ್ಲಲಿಲ್ಲ. ಸಡಕಿನ ಬದಿಯ ಮರದ ಕೆಳಗೆ ಮೋಟಾರು ಬಿಟ್ಟು, ಊರಿನಿಂದ ಎತ್ತು ತರಿಸಿಕೊಂಡು ಒಳಹಾದಿಗೆ ಇಳಿಯುತ್ತಿದ್ದರು.

ಬೀಳಗಿಯ ಹತ್ತಿರದ ಒಂದು ಊರಿನಲ್ಲಿ ಅದು ಮೊದಲಾಯಿತು. ಮುಂಜಾನೆಯ ಹೊತ್ತು. ಲಗಮವ್ವ ಎಂಬ ನಡುವಯಸ್ಸಿನ ಹೆಣ್ಣುಮಗಳು ಸ್ಟೂಲಿನ ಮೇಲೆ ಕೂತಿದ್ದಳು. ಹಿಂದೆ ಹಲಗೆಯ ಮೇಲೆ ಅಲಕಾಬಾಯಿ, ಅವರ ತಲೆಯ ಮೇಲೆ ಪಟ್ಟಿ, ಪಟ್ಟಿಗೊಂದು ದೀಪ. ಸದಾಶಿವರಾಯರು ಲಗಮವ್ವನ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಇಟ್ಟು ಒಂದೊಂದೇ ಗಾಜು ಬದಲಿಸುತ್ತಿದ್ದರು.

"ಕನ್ನಡ್ಯಾಗ ನೋಡವ್ವಾ. ಹಣಿಗಿ ಹಲ್ಲು ಯಾವ ಕಡೆ ಅದ?"

"ಮಸಕ ಐತ್ರಿ."

"ಈಗ?"

"ಈಗ ಚೊಕ್ಕ ಕಾಣತೈತಿ. ಮ್ಯಾಲ ಅದಾವ್ರಿ ಹಲ್ಲು." ಲಗಮವ್ವ ಕೇಳಿದಳು, "ಬಾಯಾರ ಬಾಜೂಕ ಕೂತಾಕಿ ಯಾರ್ರಿ? ಅವರ ಅತ್ತೀನೇನು?"

ಸದಾಶಿವರಾಯರು ನಕ್ಕರು. ಕನ್ನಡಿ ಹಳೆಯದು, ಗಾಜು ದಪ್ಪ, ಒಂದು ಎರಡಾಗಿ ಕಾಣುತ್ತದೆ ಎಂದು ತಿಳಿಸಿ ಹೇಳಿದರು. ಲಗಮವ್ವ ಹೌದೆಂದಳು, ಆದರೆ ಹೊರಗೆ ಹೋಗುವಾಗ ಹಲಗೆಯ ಕಡೆ ತಿರುಗಿ ಕೈ ಮುಗಿದು ಹೋದಳು. ಹಿರಿಯರಿಗೆ ಮುಗಿಯುವ ಹಾಗೆ.

ಆ ಊರಿನಲ್ಲೇ ಇನ್ನೊಬ್ಬರು ಕೇಳಿದರು. ಮುಂದಿನ ಊರಿನಲ್ಲಿ ಒಬ್ಬ ಮುದುಕ ಸರಿಯಾದ ಗಾಜು ಬಂದ ಕೂಡಲೇ ಚೌಕಟ್ಟು ಬಿಚ್ಚಿ ಸದಾಶಿವರಾಯರ ಕೈಗೆ ಕೊಟ್ಟು ಎದ್ದು ಹೋದ. ಸದಾಶಿವರಾಯರು ಜಮಖಂಡಿಗೆ ಹೋಗಿ ಹೊಸ ಕನ್ನಡಿ ತಂದು ಹಾಕಿದರು. ಹಳೆಯದನ್ನು ಮನೆಯಲ್ಲಿ ಇಟ್ಟರು. ಅದರಲ್ಲಿ ಯಾವುದೂ ಎರಡಾಗಿ ಕಾಣಲಿಲ್ಲ.

ಹೊಸ ಕನ್ನಡಿಯೊಂದಿಗೆ ಅನಗವಾಡಿಗೆ ಹೋದರು. ಅಲ್ಲಿ ಕರೆವ್ವ ಎಂಬ ಗಟ್ಟಿ ಹೆಂಗಸು ಬಂದಳು. ಕಣ್ಣಳತೆ ಅರ್ಧ ಆದಾಗ ಆಕೆ ತಟ್ಟನೆ ತನ್ನೆರಡೂ ಕಾಲು ಎತ್ತಿ ಸ್ಟೂಲಿನ ಕೋಲಿನ ಮೇಲೆ ಇಟ್ಟುಕೊಂಡಳು.

"ಯಾಕವ್ವಾ?" ಅಂದರು ಅಲಕಾಬಾಯಿ ಹಿಂದಿನಿಂದ.

"ಆ ಯವ್ವ ಕಾಲು ಮ್ಯಾಲ ಎತ್ತಿಕೊಂಡ ಕೂತಾಳಲ್ರಿ. ಒಂದ ಕೈಲೆ ಗ್ವಾಡಿ ಹಿಡದಾಳ. ಕೆಳಗ ಏನರ ಹರದಾಡಾಕತ್ತೈತೇನಂತ ನಾನೂ ಎತ್ತಿದೆ."

ಅಲಕಾಬಾಯಿ ಆಗ ತಮ್ಮ ಕಾಲು ನೋಡಿಕೊಂಡರು. ಎರಡೂ ಹಲಗೆಯ ಮೇಲೆ ಇದ್ದವು. ಯಾವಾಗ ಎತ್ತಿಕೊಂಡರೋ ಅವರಿಗೆ ನೆನಪಿರಲಿಲ್ಲ.

ಕರೆವ್ವ ಲಗಮವ್ವನನ್ನು ಕಂಡವಳಲ್ಲ. ಆಮೇಲೆ ಬಂದವರು ಕರೆವ್ವನನ್ನು ಕೇಳಿ ಬಂದವರಲ್ಲ. ಆದರೂ ಎಲ್ಲರೂ ಒಂದೇ ಹೇಳುತ್ತಿದ್ದರು. ಹಸಿರು ಇಳಕಲ್ ಸೀರೆ, ಹೆಗಲ ಮೇಲೆ ಕಂಬಳಿ, ಮುದುಕಿ, ಕಾಲು ಎತ್ತಿಕೊಂಡಿದ್ದಾಳೆ. ಹೆದರಿದವಳಂತೆ ಇಲ್ಲ. ಯಾರದೋ ದಾರಿ ನೋಡುವವಳಂತೆ ಇದ್ದಾಳೆ. ಸರಿಯಾದ ಗಾಜು ಬಂದಾಗ ಮಾತ್ರ ಕಾಣುತ್ತಿದ್ದಳು, ಕನ್ನಡಿಯಲ್ಲಿ ಮಾತ್ರ. ತಿರುಗಿ ನೋಡಿದರೆ ಅಲಕಾಬಾಯಿ ಒಬ್ಬರೇ.

ಸದಾಶಿವರಾಯರಿಗೆ ಕಣ್ಣು ಚೆನ್ನಾಗಿತ್ತು. ಗಾಜಿನ ಹಂಗಿಲ್ಲದೆ ಅವರು ಕನ್ನಡಿಯಲ್ಲಿ ಎಲ್ಲ ನೋಡುತ್ತಿದ್ದರು, ಆದರೆ ಆ ಮುದುಕಿ ಅವರಿಗೆ ಕಾಣುತ್ತಿರಲಿಲ್ಲ. ಅಲಕಾಬಾಯಿಯ ಸಂಗತಿ ಬೇರೆ. ಕನ್ನಡಿ ಅವರಿಗೆ ಎದುರೇ ಇತ್ತು, ಆದರೆ ಅಷ್ಟು ದೂರದ್ದು ಅವರಿಗೆ ಮಸುಕು. ಅದರಲ್ಲಿ ತಮ್ಮದೊಂದು ಬಣ್ಣದ ಕಲೆ ಕಾಣುತ್ತಿತ್ತು. ಆ ಕಲೆ ಒಮ್ಮೊಮ್ಮೆ ತಾವು ಇದ್ದದ್ದಕ್ಕಿಂತ ಅಗಲವಾಗಿ ಕಾಣುತ್ತಿತ್ತು.

"ನಾ ಮದಲ ಹಲಗಿ ನಡುವ ಕೂಡ್ತಿದ್ದೆ," ಎಂದು ಅಲಕಾಬಾಯಿ ನನಗೆ ಹೇಳಿದರು. "ದಿನಾ ಒಂದ ಸ್ವಲ್ಪ ಸರದು ಸರದು ತುದಿಗೆ ಬಂದಿದ್ದೆ. ಜಾಗಾ ಬಿಡಾಕತ್ತೇನಂತ ನನಗ ಗೊತ್ತಾಗಲಿಲ್ಲ. ಒಂದಿವಸ ಕುಬಸದ ತೋಳ ಗ್ವಾಡಿಗೆ ತಾಗಿ ಹರೀತು, ಅವಾಗ ಗೊತ್ತಾತು."

ಬಿಸಿಲಿನ ದಿನಗಳಲ್ಲಿ ಒಳಗೆ ಒಲೆಯಂತೆ ಕಾವು. ಅಂಥ ಹೊತ್ತಿನಲ್ಲೂ ಬಾಗಿಲು ಮುಚ್ಚಿ ದೀಪ ಹಚ್ಚಿದ ಕೂಡಲೇ ನೆನೆದ ಕಂಬಳಿಯ ವಾಸನೆ ಏಳುತ್ತಿತ್ತು. ಅದರ ಜೊತೆ ಹೊಳೆಯ ಕೆಸರಿನ, ರೊಜ್ಜಿನ ವಾಸನೆ. ಸದಾಶಿವರಾಯರು ಡಾಂಬರಿನ ವಾಸನೆ ಅದು ಅಂದರು. ಹೆಂಡತಿಯನ್ನು ಸಮಾಧಾನ ಮಾಡಲು ಇನ್ನೊಂದು ಮಾತೂ ಅಂದರು.

"ನೀನಽ ಒಮ್ಮೆ ಗಾಜು ಹಚ್ಚಿಗೊಂಡು ನೋಡಿಬಿಡು. ಏನೂ ಇಲ್ಲಂತ ನಿನಗೂ ಖಾತ್ರಿ ಆಗ್ತದ. ಈಗ ಅವ್ವನೂ ಇಲ್ಲ ಬೈಲಿಕ್ಕೆ."

"ಅಹೋ, ಬ್ಯಾಡ್ರಿ," ಅಂದರು ಅಲಕಾಬಾಯಿ. ಈಗ ಅದು ನಾಚಿಕೆಯ ಮಾತಾಗಿರಲಿಲ್ಲ.

ಬೇಸಿಗೆ ಬಲಿಯುತ್ತಿದ್ದಾಗ ಮುಧೋಳದ ಹಾದಿಯಾಗಿ ಬರುತ್ತಿದ್ದರು. ಗಾಲಿಯ ಪಟ್ಟಿ ಸಡಿಲಾಗಿದೆ ಎಂಬ ನೆಪ ಹೇಳಿ ಅಲಕಾಬಾಯಿ ಗಾಡಿಯನ್ನು ಮುದಕಪ್ಪನ ಚಪ್ಪರಕ್ಕೆ ತಿರುಗಿಸಿದರು. ಗಂಡ ಕಮ್ಮಾರನ ಹತ್ತಿರ ಮಾತಿಗೆ ನಿಂತಾಗ ಅವರು ಮುದಕಪ್ಪನನ್ನು ನೇರವಾಗಿ ಕೇಳಿದರು.

"ಆ ಹಲಗಿ ಎಲ್ಲಿಂದ ತಂದ್ಯೋ ಮುದಕಪ್ಪ?"

ಮುದಕಪ್ಪ ಬಾಚಿ ಕೆಳಗಿಟ್ಟ. ಅವನು ಮುಚ್ಚಿಡುವ ಮನುಷ್ಯನಲ್ಲ.

"ಗಾಲಿ, ಅಚ್ಚು, ಹಲಗಿ, ಎಲ್ಲಾ ಒಂದ ಚಕ್ಕಡೀವ್ರಿ. ನಮ್ಮಪ್ಪನ ಕಾಲದಾಗಿಂದ ಇಲ್ಲೇ ಬಿದ್ದಿದ್ದು. ಗಲಗಲಿ ಈರಪ್ಪ ಅನ್ನಾವ ತಂದ ಹಾಕಿ ಹೋದ. ಮುರದು ಒಲಿಗೆ ಹಚ್ಚರಿ ಅಂದನಂತ. ಕಟಗಿ ಕಬ್ಬಿಣದಂಗ ಇತ್ತು, ನಮ್ಮಪ್ಪಗ ಒಡಿಯಾಕ ಮನಸ ಆಗಲಿಲ್ಲ."

"ಒಲಿಗೆ ಯಾಕ ಹಚ್ಚಬೇಕು?"

"ಆ ಚಕ್ಕಡಿ ಹೊಳ್ಯಾಗ ಹೋಗಿತ್ತರಿ. ಈರಪ್ಪನ ತಾಯಿ ತಾಯವ್ವ ಅದರಾಗ ಇದ್ದಳು. ಕೆಳಗಿನ ತಿರುವಿನ್ಯಾಗ ಚಕ್ಕಡಿ ಸಿಕ್ಕತು. ಆಕಿ ಸಿಗಲಿಲ್ಲ." ಮುದಕಪ್ಪ ಟ್ರೇಲರಿನ ಕಡೆ ನೋಡಿದ. "ಯಾಕ್ರಿ ಬಾಯಾರ? ಹಲಗಿ ಸೀಳೇತೇನು?"

"ಇಲ್ಲಪಾ. ಗಟ್ಟಿ ಅದ," ಅಂದರು ಅಲಕಾಬಾಯಿ.

ಸದಾಶಿವರಾಯರು ವಿಷಯ ಕೇಳಿ ಅಲ್ಲೇ, ಆ ಕ್ಷಣವೇ ಹಲಗೆ ಬಿಚ್ಚಿಸುತ್ತೇನೆಂದು ಹೊರಟರು. ನಂಬಿಕೆಯಿಂದಲ್ಲ, ಗಿರಾಕಿಗಳು ಹೆದರಿದರೆ ಕಸುಬು ಕೆಡುತ್ತದೆ ಎಂದು. ಅಲಕಾಬಾಯಿ ತಡೆದರು.

"ಅವರ ಮನಿ ಹಿರೇಮನಷ್ಯಾಳು ಆಕಿ. ಅವರನ್ನ ಕೇಳದನಽ ಹ್ಯಾಂಗ ಕೆಳಗ ಇಳಸ್ತೀರಿ? ಗಲಗಲಿಗೆ ಹೋಗೋಣು."

ಗಲಗಲಿಗೆ ಹೋದರು. ಕೃಷ್ಣೆ ಬೇಸಿಗೆಯಲ್ಲಿ ಸೊರಗಿ, ಉಸುಕಿನ ನಡುವೆ ಬೆಳ್ಳಗೆ ಮಲಗಿದ್ದಳು. ಊರ ಹೊರಗೆ ಬೇವಿನಮರದ ನೆರಳಲ್ಲಿ ಗಾಡಿ ನಿಲ್ಲಿಸಿ ವಿಚಾರಿಸಿದರು. ಈರಪ್ಪ ತೀರಿಕೊಂಡು ಬಹಳ ದಿನವಾಗಿತ್ತು. ಅವನ ಹೆಂಡತಿ ಇಂದ್ರವ್ವ ಇದ್ದಳು, ಮಗ ಬಸಗೊಂಡಪ್ಪನ ಸಂಗಡ. ಇಂದ್ರವ್ವನಿಗೆ ಕಣ್ಣು ಮಂಜು, ರೊಟ್ಟಿ ಬಡಿಯುವಾಗ ಕೈ ಸುಟ್ಟುಕೊಳ್ಳುತ್ತಾಳೆ ಎಂದು ಜನ ಹೇಳಿದರು. ಅಲಕಾಬಾಯಿ ಆಕೆಯ ಮನೆಗೆ ಹೋದರು. ಏನು ಹೇಳಬೇಕೆಂದು ಹಾದಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಇಂದ್ರವ್ವ ಬಂದು ಎದುರು ಕೂತು, ಯಾವೂರು, ಯಾರ ಪೈಕಿ ಎಂದೆಲ್ಲ ಕೇಳಿ, ಬೆಲ್ಲ ನೀರು ಕೊಟ್ಟಳು.

"ಕಣ್ಣು ತೋರ್ಸ ಬಾ ಯವ್ವಾ," ಎಂದಷ್ಟೇ ಅಂದರು ಅಲಕಾಬಾಯಿ.

ಇಂದ್ರವ್ವ ಮಗನ ತೋಳು ಹಿಡಿದು ಬಂದಳು. ನಡುಮಧ್ಯಾಹ್ನ. ಬಸಗೊಂಡಪ್ಪ ಹೊರಗೆ ಮೆಟ್ಟಿಲ ಹತ್ತಿರ ನಿಂತ. ಬಾಗಿಲು ಮುಚ್ಚಿದರು, ದೀಪ ಹಚ್ಚಿದರು. ಆಕೆ ದೊಡ್ಡ ಗಾಲಿಯನ್ನಾಗಲಿ ಹಲಗೆಯನ್ನಾಗಲಿ ಗುರುತಿಸಲಿಲ್ಲ, ಅಷ್ಟು ಕಣ್ಣು ಎಲ್ಲಿತ್ತು? ಸದಾಶಿವರಾಯರ ಕೈ ಅವತ್ತು ನಿಧಾನವಾಗಿ ನಡೆಯುತ್ತಿತ್ತು. ಒಂದು ಗಾಜು, ಇನ್ನೊಂದು ಗಾಜು. ಹಣಿಗೆಯ ಹಲ್ಲು ತೋರಿಸುತ್ತಿದ್ದ ಇಂದ್ರವ್ವನ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತು.

"ಅತ್ತೀ," ಅಂದಳು.

ಸ್ಟೂಲಿನ ಮೇಲೆ ಪೂರ್ತಿ ತಿರುಗಿ ಹಿಂದೆ ನೋಡಿದಳು. ಅಲಕಾಬಾಯಿ ಮಾತ್ರ ಇದ್ದರು. ಮತ್ತೆ ಕನ್ನಡಿಗೆ ತಿರುಗಿದಳು. ಅಳಲಿಲ್ಲ, ಕೂಗಲಿಲ್ಲ. ಕನ್ನಡಿಯಿಂದ ಕಣ್ಣು ತೆಗೆಯದೆ ಅಲಕಾಬಾಯಿಗೆ ಹೇಳತೊಡಗಿದಳು.

"ದೊಡ್ಡ ಮಾರಿಬ್ಯಾನಿ ಬಂತಲ್ರಿ, ಅದರ ಹಿಂದಿನ ವರ್ಸ. ಹಿಂಗ ಬಿಸಲ ಇತ್ತು. ನಮ್ಮ ನಾದಿನಿ ಮನಿ ಆಚೀ ದಂಡಿಗೆ ಐತಿ. ತೊಟ್ಟಲಕ್ಕ ಹೊಂಟಿದ್ದಿವಿ. ಇಂವಾ ಬಸಗೊಂಡ ಉಡ್ಯಾಗಿನ ಕೂಸು. ಹೊಳ್ಯಾಗ ಮಣಕಾಲ ತನಾನೂ ನೀರಿರಲಿಲ್ಲ. ನಡುವ ಹೋಗೂದರಾಗ, ಒಣ ಜ್ವಾಳದ ಕಣಿಕ್ಯಾಗ ಗಾಳಿ ಹೊಕ್ಕಂಗ ಸಪ್ಪಳಾತು. ಮ್ಯಾಲ ಎಲ್ಲಿ ಮಳಿ ಆಗಿತ್ತೋ, ನಮ್ಮ ತಲಿ ಮ್ಯಾಲ ಒಂದ ಮಾಡ ಇರಲಿಲ್ಲ. ನೀರು ಚಕ್ಕಡಿ ಒಳಗ ಬಂತು. ಇಬ್ಬರೂ ಕಾಲು ಮ್ಯಾಲ ಎತ್ತಿಕೊಂಡಿವಿ."

ಹೊರಗೆ ಬಸಗೊಂಡಪ್ಪ ಕೆಮ್ಮಿದ. ಇಂದ್ರವ್ವನಿಗೆ ಅದು ಕೇಳಿಸಿದಂತೆ ಇರಲಿಲ್ಲ.

"ನಮ್ಮವರು ಎತ್ತಿನ ಕಣ್ಣಿ ಕೊಯ್ದು ಬಿಟ್ಟರು. ಅತ್ತಿ ಅವರಿಗೆ ಅಂದಳು, ಮದಲ ಕೂಸ ಇಸ್ಕೊ ಅಂತ. ಆಮ್ಯಾಲ ನನ್ನ ದಬ್ಬಿದಳು, ನೀ ಹೋಗ ಅಂತ. ನೀ ಬಾ ಅಂದೆ. ನೀವ ಹೋಗ್ರಿ, ನಾ ಕೂತಿರತೇನಿ ಅಂದಳು. ಮನೀ ಕಾಯಾಕ ಕೂತಾಕಿ ಅಂದಂಗ ಅಂದಳ್ರಿ. ನಾವ ದಂಡಿ ಹತ್ತಿ ಹೊಳ್ಳಿ ನೋಡಿದಾಗ ಹಿಂಗ ಕೂತಿದ್ದಳು. ಕಾಲ ಎತ್ತಿಕೊಂಡು, ಒಂದ ಕೈಲೆ ಗೂಟ ಹಿಡಕೊಂಡು."

ಅಲಕಾಬಾಯಿ ಹಲಗೆಯ ತುದಿಯಲ್ಲಿ ಕೂತಿದ್ದರು. ಇಷ್ಟು ದಿನ ಬಿಟ್ಟುಕೊಂಡು ಬಂದ ಜಾಗದ ಮೇಲೆ ಅವರು ಕೈ ಇಟ್ಟರು. ನೋಡಬೇಕೆಂದಲ್ಲ, ಮುಟ್ಟಬೇಕೆನ್ನಿಸಿತು. ಹಲಗೆ ಒದ್ದೆಯಾಗಿತ್ತು. ಬೆವರಿನ ಒದ್ದೆಯಲ್ಲ, ತಣ್ಣಗಿನ ಒದ್ದೆ, ಬೆರಳಿಗೆ ನವಿರಾದ ಉಸುಕು ಹತ್ತಿತು. ಅವರು ಆ ಕೈಯನ್ನು ಗಂಡನ ಕಡೆ ಚಾಚಿದರು. ಸದಾಶಿವರಾಯರು ಬೆರಳು ಮುಟ್ಟಿ ನೋಡಿದರು. ಬಗ್ಗಿ ಹಲಗೆಯನ್ನೂ ಮುಟ್ಟಿದರು. ಧೋತರಕ್ಕೆ ಕೈ ಒರೆಸಿಕೊಂಡರು. ಕನ್ನಡಿ, ಡಾಂಬರು ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ಇಂದ್ರವ್ವ ಚೌಕಟ್ಟು ಬಿಚ್ಚಿ ಕೊಟ್ಟಳು. "ಇಷ್ಟ ವರ್ಸ ಹಂಗಽ ಕೂತಾಳ್ರಿ. ಕಾಲು ಎಷ್ಟ ನೊಂದಿರಬೇಕು," ಅಂದಳು. ಆಮೇಲೆ ಕೇಳಿದಳು, "ಆ ಹಲಗಿ ನನಗ ಕೊಡ್ತೀರೇನ್ರಿ?"

ಬಸಗೊಂಡಪ್ಪನಿಗೆ ಒಳಗಿನ ಮಾತೆಲ್ಲ ಕೇಳಿಸಿತ್ತು. ಅವನು ಏನೂ ಕೇಳದೆ ಮನೆಗೆ ಹೋಗಿ ಪಾನಾ ತಂದು ಬೋಲ್ಟು ಬಿಚ್ಚಿದ. ಎರಡು ಮೂಟೆ ಜೋಳ ಹೊತ್ತು ನಡೆಯುವ ಆಳು ಅವನು. ಹಲಗೆ ಎತ್ತಿ ಹೆಗಲಿಗೆ ಇಟ್ಟುಕೊಂಡಾಗ ಮೊಣಕಾಲು ಬಗ್ಗಿತು. ಊರೊಳಗೆ ಹೋಗುವಾಗ ಮತ್ತೆ ಮತ್ತೆ ಇಳಿಸಿ ಉಸಿರು ತೆಗೆದುಕೊಂಡ. ಇಂದ್ರವ್ವ ಹಲಗೆಯ ಹಿಂದಿನ ತುದಿಗೆ ಕೈ ಹಚ್ಚಿ, "ಸಾವಕಾಶ, ಸಾವಕಾಶ ಮಗನಽ, ಅಲ್ಲಾಡಸಬ್ಯಾಡ," ಎನ್ನುತ್ತ ನಡೆದಳು. ಕಟ್ಟೆಯ ಮೇಲೆ ಕೂತ ಗಂಡಸರು, ಬಾಗಿಲಲ್ಲಿ ನಿಂತ ಹೆಂಗಸರು ಅವರು ಹತ್ತಿರ ಬರುತ್ತಿದ್ದಂತೆ ಮಾತು ನಿಲ್ಲಿಸುತ್ತಿದ್ದರು. ಗದ್ದಲದ ಊರು ಹಾದಿಗುಂಟ ಸ್ತಬ್ಧವಾಗುತ್ತ ಹೋದದ್ದು ಅಲಕಾಬಾಯಿಯ ಕಿವಿಗೆ ಕೇಳಿಸಿತು. ಯಾಕೆಂದು ಅವರಿಗೆ ಕಾಣಲಿಲ್ಲ. ಮರಳುವಾಗ ಸದಾಶಿವರಾಯರು ಹೇಳಿದರು: ಹಲಗೆ ಹೋದ ಹಾದಿಯ ಧೂಳಿನಲ್ಲಿ ಬೇವಿನಮರದಿಂದ ಇಂದ್ರವ್ವನ ಹೊಸ್ತಿಲ ತನಕ ನೀರಿನ ಹನಿ ಬಿದ್ದಿದ್ದವು.

ಗಾಲಿಗಳನ್ನೂ ಬಿಚ್ಚಿ ಕೊಡಲೇ ಎಂದು ಸದಾಶಿವರಾಯರು ಊರು ಬಿಡುವ ಮುಂಚೆ ಕೇಳಿದ್ದರು. ಇಂದ್ರವ್ವ ಬೇಡ ಅಂದಳು. "ಗಾಲಿ ತಿರಗೂವು, ತಿರಗಲಿ ಬಿಡ್ರಿ. ಆಕಿ ಹಲಗಿ ಮ್ಯಾಲ ಕೂತಾಳ."

ಊರಿನ ಬಡಿಗ ಜಾಲಿಯ ಹಲಗೆಯೊಂದನ್ನು ಆ ಜಾಗಕ್ಕೆ ಬಿಗಿದು ಕೊಟ್ಟ. ಆ ಸಂಜೆ ಸಡಕಿಗೆ ಬಂದ ಮೇಲೆ ಅಲಕಾಬಾಯಿ ಗಂಡನಿಗೆ, "ಈಗ ನನ್ನ ಕಣ್ಣು ನೋಡ್ರಿ," ಅಂದರು. ಅವರು ಸ್ಟೂಲಿನ ಮೇಲೆ ಕೂತರು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಗಾಜುಗಳು ಒಂದರ ಮೇಲೊಂದು ಬಂದವು. ಕನ್ನಡಿ ಮೆಲ್ಲನೆ ತಿಳಿಯಾಯಿತು. ಪಟ್ಟಿ, ದೀಪ, ಹೊಸ ಹಲಗೆಯ ಬಿಳುಪು, ಖಾಲಿ ಹಲಗೆ. ಮುಂದೆ ತಮ್ಮದೇ ಮುಖ. ತಮ್ಮ ಮುಖವನ್ನು ಅಷ್ಟು ದೂರದಿಂದ ಅವರು ಕಂಡದ್ದು ಅದೇ ಮೊದಲು. ಅವರ ತಾಯಿಯ ಮುಖ ಅದು ಎಂದು ಒಂದು ಗಳಿಗೆ ಅನ್ನಿಸಿತಂತೆ.

ಹೀಗೆ ನಮ್ಮ ಓಣಿಯಲ್ಲಿ ಚಾಳೀಸು ಹಾಕಿದ ಮೊದಲ ಮುತ್ತೈದೆ ಅಲಕಾಬಾಯಿ. ನಗುವವರು ನಕ್ಕರು. ಈಗ ಅವರಿಗೆ ನಗುವವರ ಮುಖ ದೂರದಿಂದಲೇ ಕಾಣುತ್ತಿತ್ತು. ಗಾಡಿಯಲ್ಲಿ ಆಮೇಲೆ ಯಾರಿಗೂ ಏನೂ ಕಾಣಲಿಲ್ಲ. ಅಲಕಾಬಾಯಿ ಹಲಗೆಯ ನಡುವೆ ಕೂಡಲು ನೋಡಿದರು. ರೂಢಿ ತಪ್ಪಿತ್ತು, ತುದಿಯಲ್ಲೇ ಕೂಡುತ್ತಿದ್ದರು.

ಮರುವರ್ಷ ಸುಗ್ಗಿ ಮುಗಿದ ಮೇಲೆ ಮತ್ತೆ ಗಲಗಲಿಗೆ ಹೋದರು. ಇಂದ್ರವ್ವನಿಗೆ ಕಳಿಸಿದ್ದ ಚಾಳೀಸು ಆಕೆಯ ಮೂಗಿನ ಮೇಲೆ ಇತ್ತು. ಪಡಸಾಲೆಯಲ್ಲಿ ಗೋಡೆಗೆ ಹಚ್ಚಿ, ಎರಡು ಕಲ್ಲಿನ ಮೇಲೆ ಆ ಹಲಗೆ ಇಟ್ಟಿದ್ದರು. ಎಣ್ಣೆ ಹಚ್ಚಿ ಹೊಳಪು ಬಂದಿತ್ತು. ಒಂದು ಬದಿಗೆ ಹಿತ್ತಾಳೆಯ ಚೆಂಬು. ಅಲಕಾಬಾಯಿ ನಡುವೆ ಕೂಡಲು ಹೋದಾಗ ಇಂದ್ರವ್ವ ಸೆರಗು ಹಿಡಿದು ಜಗ್ಗಿ, "ಈ ಕಡೆ ಬರ್ರಿ," ಎಂದು ತನ್ನ ಮಗ್ಗುಲಿಗೆ ಕೂಡಿಸಿಕೊಂಡಳು. ಇಬ್ಬರೂ ಒಂದೇ ತುದಿಯಲ್ಲಿ ಇಕ್ಕಟ್ಟಾಗಿ ಕೂತರು. ಸೊಸೆ ಶಿವವ್ವ ಒಳಗಿನಿಂದ ಚಹಾ ತಂದಳು. ಕಪ್ಪುಗಳನ್ನು ಇಡುವಾಗ ಖಾಲಿ ಜಾಗದ ಮುಂದೆ ಬಗ್ಗಿ, ಸ್ವಲ್ಪ ಸುತ್ತು ಹಾಕಿ ಬಂದಳು. ಯಾರೋ ಕಾಲು ಚಾಚಿ ಕೂತವರನ್ನು ದಾಟದೆ ಬರುವ ಹಾಗೆ.

ಅಲಕಾಬಾಯಿ ತಮ್ಮ ಗಾಜಿನ ಹಿಂದಿನಿಂದ ಬಹಳ ಹೊತ್ತು ನೋಡಿದರು. ಎಣ್ಣೆ ಹಚ್ಚಿದ ಹಲಗೆ, ಚೆಂಬು, ಸಾರಿಸಿದ ನೆಲ. ಬೇರೆ ಏನೂ ಇಲ್ಲ.

"ಕಾಲು?" ಎಂದು ಮೆಲ್ಲಗೆ ಕೇಳಿದರು.

"ಇಳಿಸ್ಯಾಳ್ರಿ," ಅಂದಳು ಇಂದ್ರವ್ವ. "ದೀಪಾವಳಿ ಮುಂದ."

ಮತ್ತೆ ಕೆಲವು ವರ್ಷ ಗಾಡಿ ತಿರುಗಿತು. ರಬಕವಿ, ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಅದಕ್ಕೆ ಬಹಳ ಬೇಡಿಕೆ, ನೂಲಿನ ಎಳೆ ಕಾಣದೆ ಮಗ್ಗ ನಿಲ್ಲಿಸಿ ಕೂತವರು ಅಲ್ಲಿ ಮನೆಗೊಬ್ಬರು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಸದಾಶಿವರಾಯರಿಗೆ ಬೆನ್ನುನೋವು ಹತ್ತಿತು, ತಿರುಗಾಟ ಸಾಕಾಯಿತು. ಟ್ರೇಲರನ್ನು ಬನಹಟ್ಟಿಯ ನೇಕಾರ್ತಿ ಶಂಕ್ರೆವ್ವ ಕೇಳಿ ಒಯ್ದಳು. ಅಂಗಳದಲ್ಲಿ ನಿಲ್ಲಿಸಿ ಅದರಲ್ಲಿ ನೂಲು ಇಡುತ್ತಿದ್ದಳು. ಜಮಖಂಡಿಯ ಪೇಟೆಯಲ್ಲಿ ಪಟ್ಟಿ ಓದಿಸಲು ಕನ್ನಡಿ ಬೇಡದಷ್ಟು ಉದ್ದನೆಯ ಅಂಗಡಿಯೊಂದು ಸಿಕ್ಕಿತು.

ಸದಾಶಿವರಾಯರು ತೀರಿಕೊಂಡ ಮೇಲೆ ಅಲಕಾಬಾಯಿ ಅಂಗಡಿ ಮುಚ್ಚಲಿಲ್ಲ. ಗಾಜು ಅರೆಯುವ ಕೆಲಸಕ್ಕೆ ಒಬ್ಬ ಆಳು ಇಟ್ಟುಕೊಂಡು ಕಣ್ಣಳತೆ ತಾವೇ ತೆಗೆದರು. ಹೊಳೆಯ ದಂಡೆಯ ಹೆಂಗಸರು ಬಸ್ಸಿಳಿದು ನೇರ ಅವರಲ್ಲಿಗೆ ಬರುತ್ತಿದ್ದರು. ನನಗೆ ಮೊದಲ ಚಾಳೀಸು ಹಾಕಿದ್ದು ಅವರೇ. ಸರಿಯಾದ ಗಾಜು ಕೂತಾಗ ಕೆಲವರು ಸುಮ್ಮನಾಗಿಬಿಡುತ್ತಾರೆ, ಹಾಗೆ ನಾನೂ ಆದೆ. ಏನು ಕಂಡಿತು ಎಂದು ಅವರು ಕೇಳಲಿಲ್ಲ. ಪಕ್ಕಕ್ಕೆ ತಿರುಗಿ ಉಳಿದ ಗಾಜುಗಳನ್ನು ಸೆರಗಿನಿಂದ ಒರೆಸಿ, ಒಂದೊಂದಾಗಿ ಡಬ್ಬಿಗೆ ಇಡುತ್ತ ಕೂತರು.